ಮುಟ್ಟು ನಿಲ್ಲುವ ಕಾಲದ ಬಿಸಿ, ಬೆವರು: ಸಹಿಸಿಕೊಂಡು ಕೂರಬೇಕಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ಶುರುವಾದರೆ ಸಾಕು, ಪತ್ರಿಕೆಗಳ ಮಹಿಳಾ ಪುರವಣಿಗಳಲ್ಲಿ ಮುಟ್ಟು ನಿಲ್ಲುವ ಕಾಲದ ‘ಹಾಟ್ ಫ್ಲಾಶ್’, ಅಂದರೆ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದರ ಬಗ್ಗೆ ಒಂದಾದರೂ ಬರಹ ಬರುತ್ತದೆ. ಬರುವುದು ಒಳ್ಳೆಯದೇ. ಆದರೆ ಮಜ್ಜಿಗೆ ಕುಡಿಯಿರಿ, ಹತ್ತಿ ಬಟ್ಟೆ ತೊಡಿ, ಪ್ರಾಣಾಯಾಮ ಮಾಡಿ, ಇದೆಲ್ಲ ಸಹಜ, ಸ್ವಲ್ಪ ಸಹಿಸಿಕೊಳ್ಳಿ ಎನ್ನುವಲ್ಲಿಗೆ ಹೆಚ್ಚಿನವು ಮುಗಿದುಬಿಡುತ್ತವೆ. ದಿನಕ್ಕೊಂದೆರಡು ಸಲ ಸಣ್ಣಗೆ ಮೈ ಕಾವೇರುವವರಿಗೆ ಅಷ್ಟು ಸಾಕು. ರಾತ್ರಿ ನಾಲ್ಕು ಸಲ ಎದ್ದು ರವಿಕೆ ಬದಲಿಸುವವರಿಗೆ, ಬಸ್ಸಿನಲ್ಲಿ ಟಿಕೆಟ್ ಕೊಡುತ್ತಲೇ ಬೆವರಿನಲ್ಲಿ ತೊಯ್ದುಹೋಗುವ ಕಂಡಕ್ಟರಿಗೆ, ಮೂವತ್ತೈದಕ್ಕೇ ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆಸಿಕೊಂಡವರಿಗೆ ಅದು ಏನೇನೂ ಸಾಲದು. ಇವರಿಗೆ ಚಿಕಿತ್ಸೆ ಇದೆ. ಹೀಗೊಂದು ಚಿಕಿತ್ಸೆ ಇದೆ ಎನ್ನುವುದೇ ಬಹಳ ಮಂದಿಗೆ ಗೊತ್ತಿಲ್ಲ. ಪತ್ರ ಉದ್ದವಾಗಿದೆ, ಔಷಧಿಗಳ ಹೆಸರು, ಪ್ರಮಾಣ ಬಿಟ್ಟುಹೋದರೆ ಪ್ರಯೋಜನವಿಲ್ಲ, ಹಾಗಾಗಿ ಕತ್ತರಿ ಆಡಿಸದಿರಿ ಎಂದು ಕೋರಿಕೆ.

ಮೊದಲು, ಆಗುವುದೇನು ಎಂಬುದು. ಮೈಯ ಶಾಖವನ್ನು ಹದದಲ್ಲಿ ಇಡುವುದು ಮಿದುಳಿನ ಬುಡದಲ್ಲಿರುವ ಹೈಪೊಥಾಲಮಸ್ ಎಂಬ ಪುಟ್ಟ ಭಾಗ. ಒಳಗಿನ ಶಾಖ ಅರ್ಧ ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಕಡಿಮೆ ಏರಿಳಿದರೂ ಸಾಮಾನ್ಯವಾಗಿ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಬೆವರೂ ಇಲ್ಲ, ನಡುಕವೂ ಇಲ್ಲ. ಅಂಡಾಶಯಗಳು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ಸ್ರವಿಸುವುದು ಕಡಿಮೆಯಾದಾಗ, ಅಲ್ಲೇ ಇರುವ ಕೆಲವು ನರಕೋಶಗಳಿಗೆ ಕಡಿವಾಣ ತಪ್ಪುತ್ತದೆ. ಅವು ದಪ್ಪಗಾಗಿ, ನ್ಯೂರೋಕೈನಿನ್-ಬಿ ಎಂಬ ರಾಸಾಯನಿಕವನ್ನು ಮಿತಿಮೀರಿ ಸುರಿಸುತ್ತವೆ. ಆ ಅರ್ಧ ಡಿಗ್ರಿಯ ಸಡಿಲ ಬಹುತೇಕ ಇಲ್ಲವಾಗುತ್ತದೆ. ಒಂದು ಲೋಟ ಬಿಸಿ ಕಾಫಿ, ಒಲೆಯ ಮುಂದೆ ಐದು ನಿಮಿಷ, ಹೊದಿಕೆಯೊಳಗಿನ ಕಾವು, ಇಷ್ಟಕ್ಕೇ ಮಿದುಳು ‘ಮೈ ಸುಡುತ್ತಿದೆ’ ಎಂದು ತಪ್ಪು ತಿಳಿದು ಶಾಖ ಹೊರಹಾಕುವ ಎಲ್ಲ ದಾರಿಗಳನ್ನೂ ಒಟ್ಟಿಗೆ ತೆರೆದುಬಿಡುತ್ತದೆ. ಎದೆ, ಕುತ್ತಿಗೆ, ಮುಖದ ರಕ್ತನಾಳಗಳು ಹಿಗ್ಗುತ್ತವೆ, ಎದೆಬಡಿತ ನಿಮಿಷಕ್ಕೆ ಹತ್ತು ಹದಿನೈದು ಹೆಚ್ಚುತ್ತದೆ, ಬೆವರು ಹರಿಯುತ್ತದೆ. ಒಂದರಿಂದ ಐದು ನಿಮಿಷ. ಬೆವರಿನ ಜೊತೆ ಶಾಖವೂ ಹೋಗಿರುವುದರಿಂದ ಆಮೇಲೆ ಚಳಿ ಹಿಡಿದಂತಾಗುತ್ತದೆ. ಫ್ಯಾನ್ ಹಾಕು ಎಂದವರು ಎರಡೇ ನಿಮಿಷಕ್ಕೆ ಆರಿಸು ಎನ್ನುವುದು ಹಟದಿಂದಲ್ಲ.

ಇದು ನರಮಂಡಲದ ಘಟನೆ. ಮೈಯಲ್ಲಿ ‘ಉಷ್ಣ’ ಹೆಚ್ಚಾಗಿದೆ ಎಂದು ಮೆಂತ್ಯ ನೆನೆಹಾಕಿ ಕುಡಿದರೆ, ನೆತ್ತಿಗೆ ಹರಳೆಣ್ಣೆ ಒತ್ತಿದರೆ ಹಾನಿಯಿಲ್ಲ, ಆದರೆ ಅದು ಈ ನರಕೋಶಗಳವರೆಗೆ ಮುಟ್ಟುವ ಮಾತಲ್ಲ.

ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46-47. ಅಮೆರಿಕ, ಯುರೋಪಿನಲ್ಲಿ 51ರ ಆಸುಪಾಸು. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ನಿಂತಿದೆ ಎಂದು ಲೆಕ್ಕ. ಬಿಸಿ ಅದಕ್ಕೂ ಮೊದಲೇ, ತಿಂಗಳು ತಪ್ಪತೊಡಗಿದಾಗಲೇ ಶುರುವಾಗಬಹುದು. ಎಷ್ಟು ಕಾಲ ಕಾಡುತ್ತದೆ ಎಂದು ಕೇಳಿದರೆ ‘ಆರು ತಿಂಗಳು, ಹೆಚ್ಚೆಂದರೆ ವರ್ಷ’ ಎನ್ನುವ ಉತ್ತರ ಎಲ್ಲೆಡೆ ಸಿಗುತ್ತದೆ. ಅದು ನಿಜವಲ್ಲ. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ‘ಸ್ವಾನ್’ ಅಧ್ಯಯನ 2015ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಪದೇಪದೇ ಬಿಸಿ ಕಾಣಿಸಿಕೊಂಡವರಲ್ಲಿ ಅರ್ಧದಷ್ಟು ಮಂದಿಗೆ ಅದು ಏಳು ವರ್ಷಕ್ಕಿಂತ ಹೆಚ್ಚು ಕಾಲ ಉಳಿದಿತ್ತು. ಮುಟ್ಟು ಇರುವಾಗಲೇ ಶುರುವಾದವರಿಗೆ ಇನ್ನೂ ದೀರ್ಘ, ನಿಂತ ಮೇಲೆ ಶುರುವಾದವರಿಗೆ ಮೂರೂವರೆ ವರ್ಷದಷ್ಟು. ಏಳು ವರ್ಷ ನಿದ್ದೆಗೆಟ್ಟು ಸಹಿಸಿಕೊಳ್ಳಿ ಎಂದು ಹೇಳುವ ಧೈರ್ಯ ಯಾರಿಗಿದೆ?

ನಲವತ್ತೈದರ ಹೆಂಗಸು ಬೆವರಿದರೆ ಎಲ್ಲವೂ ಇದೇ ಎಂದು ತೀರ್ಮಾನಿಸುವುದೂ ಅಪಾಯ. ಬಿಸಿ ಬಂದಾಗಲೇ ಬಾಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಚರ್ಮ ಸುಡುತ್ತಿದ್ದರೂ ಒಳಗೆ ಜ್ವರ ಇರುವುದಿಲ್ಲ. 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದು ಹಾಟ್ ಫ್ಲಾಶ್ ಅಲ್ಲ. ಸಂಜೆ ಸಣ್ಣ ಜ್ವರ, ರಾತ್ರಿ ಬೆವರು, ಎರಡು ವಾರ ಮೀರಿದ ಕೆಮ್ಮು, ತೂಕ ಇಳಿಯುವುದು ಇವು ಸೇರಿದ್ದರೆ ಮೊದಲು ಕಫ ಪರೀಕ್ಷೆ. ನಮ್ಮ ನಾಡಿನಲ್ಲಿ ಕ್ಷಯ ಇನ್ನೂ ಮನೆಮನೆಯ ಹತ್ತಿರವೇ ಇದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಬೆವರು, ನಡುಕ ಬಂದಾಗ ಗ್ಲುಕೋಮೀಟರ್‌ನಲ್ಲಿ ನೋಡಲೇಬೇಕು: 70ಕ್ಕಿಂತ ಕೆಳಗಿದ್ದರೆ ಸಕ್ಕರೆ ಕುಸಿದಿದೆ, ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಯಬೇಕು. ಥೈರಾಯ್ಡ್ ಹೆಚ್ಚಾದರೂ ಬೆವರು, ಎದೆಬಡಿತ, ತೂಕ ಇಳಿತ ಬರುತ್ತವೆ. ಒಂದು ಟಿಎಸ್‌ಎಚ್ ಪರೀಕ್ಷೆ ಸಾಕು. ಬಿಪಿಗೆ ಕೊಡುವ ಆಮ್ಲೊಡಿಪಿನ್‌ನಿಂದ ಕೂಡ ಕೆಲವರಿಗೆ ಮುಖ ಕೆಂಪೇರುತ್ತದೆ. ಹೊಸ ಮಾತ್ರೆ ಯಾವ ತಿಂಗಳು ಶುರುವಾಯಿತು, ಬಿಸಿ ಯಾವಾಗ ಶುರುವಾಯಿತು ಎಂದು ತಾಳೆ ನೋಡಿ. ಎದೆನೋವು, ಎಡಗೈ ಅಥವಾ ದವಡೆ ಸೆಳೆತದ ಜೊತೆ ತಣ್ಣನೆಯ ಬೆವರು ಬಂದರೆ ಮಾತ್ರ ಯೋಚಿಸುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಇದೆಲ್ಲ ಇಲ್ಲ ಎಂದಾದ ಮೇಲೆ, 45 ದಾಟಿದವರಿಗೆ ಹಾರ್ಮೋನ್ ಪರೀಕ್ಷೆಗಳ ದೊಡ್ಡ ಪಟ್ಟಿ ಬೇಕಿಲ್ಲ. ಮುಟ್ಟು ಏರುಪೇರಾಗುವ ದಿನಗಳಲ್ಲಿ ಎಫ್‌ಎಸ್‌ಎಚ್ (ಅಂಡಾಶಯಗಳನ್ನು ಪ್ರಚೋದಿಸುವ ಹಾರ್ಮೋನು) ಈ ವಾರ ಹೆಚ್ಚಿದ್ದು ಮುಂದಿನ ವಾರ ಇಳಿದಿರುತ್ತದೆ. ಆ ಅಂಕಿ ಹಿಡಿದು ಏನನ್ನೂ ನಿರ್ಧರಿಸಲಾಗದು. ಸಾವಿರಾರು ರೂಪಾಯಿಯ ‘ಮೆನೋಪಾಸ್ ಪ್ಯಾಕೇಜ್’ಗಳು ಲ್ಯಾಬಿನವರಿಗೆ ಲಾಭ, ಅಷ್ಟೇ. ಆದರೆ 40ಕ್ಕಿಂತ ಮೊದಲೇ ಮುಟ್ಟು ನಿಂತರೆ ಪರೀಕ್ಷೆ ಮಾಡಿಸಲೇಬೇಕು, 40ರಿಂದ 45ರ ನಡುವಿನವರಿಗೂ ಅದು ಉಪಯೋಗ. ಇನ್ನೊಂದು ಮಾತು: ಮುಟ್ಟು ತಪ್ಪುತ್ತಿದೆ ಎಂದ ಮಾತ್ರಕ್ಕೆ ಬಸಿರಾಗುವುದಿಲ್ಲ ಎಂದಲ್ಲ. ಕೊನೆಯ ಮುಟ್ಟು 50ಕ್ಕಿಂತ ಮೊದಲು ಆದರೆ ಎರಡು ವರ್ಷ, ಆಮೇಲೆ ಆದರೆ ಒಂದು ವರ್ಷ ಗರ್ಭನಿರೋಧಕ ಬಳಸಬೇಕು.

ವೈದ್ಯರ ಬಳಿ ಹೋಗುವ ಮುನ್ನ ಎರಡು ವಾರ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಬರೀ ಬಿಸಿಯಾದರೆ ಒಂದು ಗೀಟು, ಬೆವರು ಬಂದರೂ ಕೆಲಸ ಮುಂದುವರಿದರೆ ಎರಡು, ಕೆಲಸ ಬಿಟ್ಟು ಕೂರಬೇಕಾದರೆ ಅಥವಾ ನಿದ್ದೆ ಮುರಿದರೆ ಮೂರು. ಪಕ್ಕದಲ್ಲಿ ಹೊತ್ತು, ಅದಕ್ಕೆ ಮುಂಚೆ ತಿಂದದ್ದು ಕುಡಿದದ್ದು. ಎರಡು ಮತ್ತು ಮೂರು ಗೀಟಿನವು ದಿನಕ್ಕೆ ಏಳು ಮುಟ್ಟಿದರೆ ಔಷಧಿಗಳ ಪ್ರಯೋಗಗಳಲ್ಲಿ ಅದನ್ನು ತೀವ್ರ ಎಂದೇ ಪರಿಗಣಿಸುತ್ತಾರೆ. ಏಳು ಆಗಲಿ ಎಂದು ಕಾಯಬೇಕಾಗಿಲ್ಲ. ನಿದ್ದೆ ಕೆಡುತ್ತಿದ್ದರೆ ಎರಡೇ ಸಾಕು. ಈ ಹಾಳೆ ಕೈಲಿದ್ದರೆ ‘ಏನೋ ಒಂಥರಾ ಆಗುತ್ತೆ ಡಾಕ್ಟ್ರೇ’ ಎನ್ನುವಲ್ಲಿ ಮಾತು ನಿಲ್ಲುವುದಿಲ್ಲ, ಔಷಧಿ ಕೆಲಸ ಮಾಡಿತೋ ಇಲ್ಲವೋ ಎಂಬುದೂ ಮೂರು ತಿಂಗಳ ನಂತರ ಎದುರಿಗೇ ಕಾಣುತ್ತದೆ.

ಮನೆಯಲ್ಲಿ ಮಾಡಬಹುದಾದ್ದರ ಬಗ್ಗೆ ಸ್ವಲ್ಪ ಖಡಾಖಂಡಿತವಾಗಿ ಹೇಳಬೇಕು. ಕಾಫಿ, ಖಾರ, ಮದ್ಯ ಎಲ್ಲರಿಗೂ ಕಿಡಿ ಹೊತ್ತಿಸುವುದಿಲ್ಲ. ನಿಮ್ಮ ಹಾಳೆಯಲ್ಲಿ ಸಂಬಂಧ ಕಂಡರೆ ಮಾತ್ರ ಬಿಡಿ. ಸುಮ್ಮನೆ ಬಾಯಿ ಕಟ್ಟಿಕೊಂಡು ಸಪ್ಪೆ ಉಣ್ಣುವುದರಿಂದ ಲಾಭವಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಬಿಸಿಯೂ ಹೆಚ್ಚು, ಮುಟ್ಟು ನಿಲ್ಲುವುದೂ ಬೇಗ. ತೂಕ ಹೆಚ್ಚಿರುವವರು ಕಡಿಮೆ ಮಾಡಿಕೊಂಡರೆ ಬಿಸಿ ಇಳಿದದ್ದು ಅಧ್ಯಯನಗಳಲ್ಲಿ ಕಂಡಿದೆ. ರಾತ್ರಿ ಒಂದೇ ದಪ್ಪ ರಗ್ಗಿನ ಬದಲು ತೆಳ್ಳಗಿನ ಎರಡು ಹತ್ತಿ ಹೊದಿಕೆ ಇದ್ದರೆ ಒಂದನ್ನು ಸರಿಸಿ ಮಲಗಬಹುದು. ನೈಲಾನ್ ನೈಟಿ, ರೆಕ್ಸಿನ್ ಹೊದಿಸಿದ ಫೋಮ್ ಹಾಸಿಗೆ ಬೆವರನ್ನು ಹೀರುವುದಿಲ್ಲ, ಗಾಳಿಯಾಡಲೂ ಬಿಡುವುದಿಲ್ಲ. ದಿಂಬಿನ ಪಕ್ಕ ಒಣ ಟವೆಲ್ಲು, ಒಂದು ಚೊಂಬು ನೀರು ಇರಲಿ. ಎದ್ದು ದೀಪ ಹಾಕಿ ಹುಡುಕುವಷ್ಟರಲ್ಲಿ ನಿದ್ದೆ ಹಾರಿಹೋಗಿರುತ್ತದೆ.

ಉತ್ತರ ಅಮೆರಿಕದ ಮೆನೋಪಾಸ್ ತಜ್ಞರ ಸಂಘ 2023ರಲ್ಲಿ ಹಾರ್ಮೋನೇತರ ಉಪಾಯಗಳನ್ನೆಲ್ಲ ಒರೆಗೆ ಹಚ್ಚಿತು. ಯೋಗ, ವ್ಯಾಯಾಮ, ನಿಧಾನ ಉಸಿರಾಟ, ತಂಪು ಮಾಡಿಕೊಳ್ಳುವುದು, ಸೋಯಾ, ಗಿಡಮೂಲಿಕೆ ಇವಾವುವೂ ಬಿಸಿಯನ್ನು ಕಡಿಮೆ ಮಾಡುತ್ತವೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂಬುದು ಅದರ ತೀರ್ಪು. ಯೋಗ ಬಿಡಿ ಎಂದು ಇದರ ಅರ್ಥವಲ್ಲ. ಮಂಡಿಗೆ, ಬಿಪಿಗೆ, ಮನಸ್ಸಿಗೆ ಅದು ಒಳ್ಳೆಯದೇ. ಯೋಗ ಮಾಡಿಯೂ ಬಿಸಿ ನಿಲ್ಲದಿದ್ದರೆ ತಪ್ಪು ನಿಮ್ಮ ಸಾಧನೆಯದಲ್ಲ, ಇಷ್ಟೇ. ಮಾತಿನ ಚಿಕಿತ್ಸೆಯ ಒಂದು ಬಗೆಗೆ, ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿಗೆ ಒಳ್ಳೆಯ ಆಧಾರ ಸಿಕ್ಕಿದೆ. ‘ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ’, ‘ಇವತ್ತೂ ನಿದ್ದೆ ಬರುವುದಿಲ್ಲ’ ಎಂಬ ಯೋಚನೆಗಳನ್ನು ಹಿಡಿದು ಸಡಿಲಿಸುವ ನಾಲ್ಕಾರು ಭೇಟಿಗಳು. ಬಿಸಿಯ ಸಂಖ್ಯೆ ಅದರಿಂದ ಅಷ್ಟಾಗಿ ಇಳಿಯುವುದಿಲ್ಲ, ಕಾಟ ಇಳಿಯುತ್ತದೆ.

ಅಂಗಡಿಯ ಪುಡಿ, ಸಿರಪ್ಪುಗಳಿಗೆ ‘ನಮಗಂತೂ ಗುಣ ಕಂಡಿತು’ ಎನ್ನುವವರಿದ್ದಾರೆ. ಹಾಟ್ ಫ್ಲಾಶ್ ಪ್ರಯೋಗಗಳಲ್ಲಿ ಔಷಧಿಯೇ ಇಲ್ಲದ ಹುಸಿ ಮಾತ್ರೆ ನುಂಗಿದವರಿಗೂ ಕಾಲು ಭಾಗದಿಂದ ಅರ್ಧದಷ್ಟು ಬಿಸಿ ಕಡಿಮೆಯಾಗುತ್ತದೆ. ಅವರ ಮಾತು ಸುಳ್ಳಲ್ಲ, ಪುಡಿಯದೇ ಗುಣ ಎನ್ನಲು ಮಾತ್ರ ಅದು ಸಾಲದು. ಅಶ್ವಗಂಧ ಕೆಲವರಲ್ಲಿ ಥೈರಾಯ್ಡ್ ಹಾರ್ಮೋನನ್ನು ಏರಿಸುತ್ತದೆ, ಆಗ ಬೆವರು ಇನ್ನೂ ಹೆಚ್ಚು. ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳೂ ದಾಖಲಾಗಿವೆ. ಬ್ಲ್ಯಾಕ್ ಕೊಹೋಷ್ ಎಂಬ ಆಮದು ಬೇರಿನ ಮಾತ್ರೆಗೂ ಅದೇ ಆಪಾದನೆ.

ಈಗ ಹಾರ್ಮೋನ್ ಚಿಕಿತ್ಸೆ. ಹಾಟ್ ಫ್ಲಾಶ್‌ಗೆ ಇದಕ್ಕಿಂತ ಬಲವಾದ ಔಷಧಿ ಇನ್ನೂ ಇಲ್ಲ. ಬಿಸಿಯ ಸಂಖ್ಯೆ ಸುಮಾರು ಮುಕ್ಕಾಲು ಭಾಗ ಇಳಿಯುತ್ತದೆ. ಆದರೂ ಹೆಸರೆತ್ತಿದರೆ ಜನ, ಎಷ್ಟೋ ವೈದ್ಯರು ಕೂಡ, ‘ಕ್ಯಾನ್ಸರ್ ಬರುತ್ತೆ’ ಎಂದು ಹಿಂಜರಿಯುತ್ತಾರೆ. ಈ ಭಯದ ಮೂಲ 2002ರಲ್ಲಿ ಅಮೆರಿಕದಲ್ಲಿ ಅರ್ಧಕ್ಕೇ ನಿಂತ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಪ್ರಯೋಗ. ಅದರಲ್ಲಿ ಎರಡು ಹಾರ್ಮೋನು ಒಟ್ಟಿಗೆ ನುಂಗಿದವರ ಸರಾಸರಿ ವಯಸ್ಸು 63. ಕೊಟ್ಟದ್ದು ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್, ಜೊತೆಗೆ ಪ್ರೊಜೆಸ್ಟಿನ್, ಅಂದರೆ ಪ್ರೊಜೆಸ್ಟರಾನ್ ಹಾರ್ಮೋನಿನಂತೆ ಕೆಲಸ ಮಾಡುವ ಕೃತಕ ಔಷಧಿ. ಸ್ತನ ಕ್ಯಾನ್ಸರ್ ಪ್ರತಿ 10,000 ಮಹಿಳೆಯರಿಗೆ ವರ್ಷಕ್ಕೆ 30 ಇದ್ದದ್ದು 38 ಆಯಿತು. ಎಂಟು ಹೆಚ್ಚು. ಪತ್ರಿಕೆಗಳಲ್ಲಿ ಅದು ‘ಶೇ 26 ಏರಿಕೆ’ ಎಂದು ಬಂತು, ಎರಡೂ ಸರಿಯೇ, ಹೆದರಿಸಿದ್ದು ಎರಡನೆಯದು. ಗರ್ಭಕೋಶ ಇಲ್ಲದೆ ಬರೀ ಈಸ್ಟ್ರೋಜನ್ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ ಎಂಬ ಮಾತು ಬಹಳ ಮಂದಿಗೆ ತಲುಪಲೇ ಇಲ್ಲ. ಮುಂದಿನ ವಿಶ್ಲೇಷಣೆಗಳಿಂದ ತಜ್ಞರು ಒಪ್ಪಿರುವುದು ಇದು: 60ರ ಒಳಗಿನವರು ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗದವರು, ಬೇರೆ ಅಡ್ಡಿಗಳಿಲ್ಲದಿದ್ದರೆ, ಅವರಿಗೆ ಲಾಭವೇ ಹೆಚ್ಚು.

ಅಡ್ಡಿಗಳು ಯಾವುವೆಂದರೆ, ಸ್ತನ ಕ್ಯಾನ್ಸರ್ ಆಗಿರುವುದು, ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವುದು, ಪಾರ್ಶ್ವವಾಯು, ಹೃದಯಾಘಾತ, ಸಕ್ರಿಯ ಯಕೃತ್ತಿನ ಕಾಯಿಲೆ, ಕಾರಣ ಗೊತ್ತಾಗದ ರಕ್ತಸ್ರಾವ. ಶುರು ಮಾಡುವ ಮುನ್ನ ಬಿಪಿ, ಸ್ತನ ಪರೀಕ್ಷೆ, ವಯಸ್ಸಿಗೆ ತಕ್ಕಂತೆ ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ).

ಗರ್ಭಕೋಶ ಇರುವವರಿಗೆ ಎರಡು ಹಾರ್ಮೋನು ಬೇಕು. ಬಿಸಿ ಇಳಿಸುವುದು ಈಸ್ಟ್ರೋಜನ್. ಆದರೆ ಒಂಟಿಯಾಗಿ ಕೊಟ್ಟರೆ ಅದು ಗರ್ಭಕೋಶದ ಒಳಪದರವನ್ನು ಬೆಳೆಸುತ್ತ ಹೋಗಿ ಅಲ್ಲಿ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಅದನ್ನು ತಡೆಯುವುದು ಪ್ರೊಜೆಸ್ಟರಾನ್. ಮೈಕ್ರೊನೈಸ್ಡ್ (ಅತಿ ನುಣ್ಣಗೆ ಪುಡಿ ಮಾಡಿದ) ಪ್ರೊಜೆಸ್ಟರಾನ್ ಆದರೆ ದಿನಾ ರಾತ್ರಿ 100 ಮಿ.ಗ್ರಾಂ, ಅಥವಾ ತಿಂಗಳಿಗೆ 12-14 ರಾತ್ರಿ 200 ಮಿ.ಗ್ರಾಂ. ಇಲ್ಲೇ ಎಡವಟ್ಟಾಗುವುದು. ಈ ಕ್ಯಾಪ್ಸೂಲಿನಿಂದ ತೂಕಡಿಕೆ ಬರುತ್ತದೆ. ಬೆಳಿಗ್ಗೆ ನುಂಗಿದವರು ‘ತಲೆ ಭಾರ’ ಎಂದು ಅದನ್ನು ಬಿಟ್ಟು ಈಸ್ಟ್ರೋಜನ್ ಮಾತ್ರ ಮುಂದುವರಿಸುತ್ತಾರೆ. ಎರಡರಲ್ಲಿ ಒಂದನ್ನು ಬಿಡಲೇಬೇಕಾಗಿ ಬಂದರೆ ಎರಡನ್ನೂ ಬಿಟ್ಟು ವೈದ್ಯರನ್ನು ಕಾಣಿ. ಮಲಗುವಾಗ ನುಂಗಿದರೆ ಅದೇ ತೂಕಡಿಕೆ ನಿದ್ದೆಗೆ ಒದಗುತ್ತದೆ.

ಈಸ್ಟ್ರೋಜನ್ ಮಾತ್ರೆಯಾಗಿ (ಎಸ್ಟ್ರಡಯಾಲ್ ವ್ಯಾಲರೇಟ್ 1 ಅಥವಾ 2 ಮಿ.ಗ್ರಾಂ), ಚರ್ಮಕ್ಕೆ ಸವರುವ ಜೆಲ್ ಆಗಿ, ಅಂಟಿಸುವ ಪ್ಯಾಚ್ ಆಗಿ ಇದೆ. ತೂಕ ಹೆಚ್ಚಿರುವವರಿಗೆ, ಬಿಪಿ, ಮೈಗ್ರೇನ್ ಇರುವವರಿಗೆ ಚರ್ಮದ ಮೂಲಕ ಕೊಡುವುದು ಮೇಲು. ಮಾತ್ರೆ ಮೊದಲು ಯಕೃತ್ತಿಗೆ ಹೋಗಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ, ಜೆಲ್, ಪ್ಯಾಚ್ ಹಾಗೆ ಮಾಡುವುದಿಲ್ಲ. ಜೆಲ್ಲನ್ನು ಸ್ನಾನವಾದ ಮೇಲೆ, ಮೈ ಪೂರ್ತಿ ಒರೆಸಿಕೊಂಡು, ತೋಳಿನ ಹೊರಬದಿಗೆ ಅಥವಾ ತೊಡೆಗೆ ಅಗಲವಾಗಿ ತೆಳ್ಳಗೆ ಸವರಿ ಐದು ನಿಮಿಷ ಆರಲು ಬಿಡಬೇಕು. ಉಜ್ಜಬೇಕಿಲ್ಲ. ಸ್ತನಕ್ಕೆ ಎಂದೂ ಬೇಡ. ಎಣ್ಣೆ ಹಚ್ಚಿಕೊಳ್ಳುವ ಅಭ್ಯಾಸ ಇದ್ದರೆ ಜೆಲ್ ಹಚ್ಚುವ ಜಾಗ ಬಿಟ್ಟು ಹಚ್ಚಿ. ಕೈ ಸೋಪಿನಿಂದ ತೊಳೆದು, ಒಂದು ಗಂಟೆ ಆ ಜಾಗ ಮೊಮ್ಮಕ್ಕಳ ಮೈಗೆ ತಾಗದಂತೆ ನೋಡಿಕೊಳ್ಳಬೇಕು. ಹಾರ್ಮೋನು ಅವರಿಗೂ ಅಂಟುತ್ತದೆ. ಪ್ಯಾಚನ್ನು ಸೊಂಟದ ಕೆಳಗೆ, ಪೃಷ್ಠದ ಮೇಲ್ಭಾಗದಲ್ಲಿ ಅಂಟಿಸಬೇಕು. ಲಂಗದ ಲಾಡಿ ಬಿಗಿಯುವ ಗೆರೆಯ ಮೇಲೆ ಅಂಟಿಸಿದರೆ ದಿನದೊಳಗೇ ಎದ್ದುಬರುತ್ತದೆ, ಆಮೇಲೆ ‘ಔಷಧಿ ಹಿಡಿಯಲಿಲ್ಲ’ ಎಂಬ ದೂರು.

ಗುಣ ಕಾಣಲು ನಾಲ್ಕು ವಾರ, ಪೂರ್ತಿ ತಿಳಿಯಲು ಮೂರು ತಿಂಗಳು ಬೇಕು. ಹತ್ತೇ ದಿನಕ್ಕೆ ಕೈಬಿಡುವುದು ಇನ್ನೊಂದು ಸಾಮಾನ್ಯ ತಪ್ಪು. ಮೊದಲ ಮೂರರಿಂದ ಆರು ತಿಂಗಳು ಅಲ್ಪಸ್ವಲ್ಪ ರಕ್ತ ಕಾಣಿಸಿಕೊಳ್ಳಬಹುದು. ಅದನ್ನು ದಾಟಿಯೂ ಬಂದರೆ, ಅಥವಾ ಯಾವ ಔಷಧಿಯೂ ಇಲ್ಲದೆ ಮುಟ್ಟು ನಿಂತು ವರ್ಷವಾದ ಮೇಲೆ ಒಂದೇ ಒಂದು ಚುಕ್ಕೆ ಕಂಡರೂ, ಸ್ಕ್ಯಾನ್ ಆಗಬೇಕು. ಒಳಪದರ 4 ಮಿ.ಮೀ. ಮೀರಿದ್ದರೆ ಬಯಾಪ್ಸಿ. ‘ಮತ್ತೆ ಮುಟ್ಟು ಬಂತು, ವಯಸ್ಸು ವಾಪಸ್ಸು ಬಂತು’ ಎಂದು ನಗಾಡಿ ಸುಮ್ಮನಾಗುವವರೇ ತಡವಾಗಿ ಬರುವುದು. ಹಾರ್ಮೋನು ಐದೇ ವರ್ಷ ಎಂಬ ಕಟ್ಟುನಿಟ್ಟು ಈಗಿಲ್ಲ. ಎರಡು ಹಾರ್ಮೋನಿನ ಚಿಕಿತ್ಸೆ ದೀರ್ಘವಾದಷ್ಟೂ ಸ್ತನ ಕ್ಯಾನ್ಸರಿನ ಅಪಾಯ ತುಸುತುಸು ಏರುವುದರಿಂದ, ವರ್ಷಕ್ಕೊಮ್ಮೆ ಕೂತು ಬೇಕೇ ಬೇಡವೇ ಎಂದು ನೋಡುವುದು ಕ್ರಮ.

ಹಾರ್ಮೋನು ಆಗದವರಿಗೆ, ಬೇಡವೆನ್ನುವವರಿಗೆ ಬೇರೆ ಮಾತ್ರೆಗಳಿವೆ. ವೆನ್ಲಾಫ್ಯಾಕ್ಸಿನ್ 37.5 ಮಿ.ಗ್ರಾಂನಿಂದ ಶುರುಮಾಡಿ 75ಕ್ಕೆ ಏರಿಸುತ್ತಾರೆ. ಎರಡು ವಾರದೊಳಗೆ ಪರಿಣಾಮ ಗೊತ್ತಾಗುತ್ತದೆ. ಮೊದಲ ವಾರ ಹೊಟ್ಟೆ ತೊಳೆಸಬಹುದು, ಬಿಪಿ ಏರಬಹುದು, ಥಟ್ಟನೆ ನಿಲ್ಲಿಸಿದರೆ ತಲೆ ಸುತ್ತುತ್ತದೆ. ಇದು ಖಿನ್ನತೆಗೂ ಕೊಡುವ ಮಾತ್ರೆ; ‘ನಂಗೇನು ಹುಚ್ಚೇ’ ಎಂದು ಚೀಟಿ ಹರಿಯುವ ಮೊದಲು ಔಷಧಿ ಅಂಗಡಿಯವರ ಮಾತಿಗಿಂತ ವೈದ್ಯರ ವಿವರಣೆ ಕೇಳಿ. ರಾತ್ರಿ ಬೆವರೇ ಮುಖ್ಯ ತೊಂದರೆಯಾದವರಿಗೆ ಗ್ಯಾಬಪೆಂಟಿನ್ 300 ಮಿ.ಗ್ರಾಂ ಮಲಗುವಾಗ, ವಯಸ್ಸಾದವರು ರಾತ್ರಿ ಎದ್ದಾಗ ಬೀಳದಂತೆ ಜಾಗ್ರತೆ. ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ತೆಗೆದುಕೊಳ್ಳುವವರು ಒಂದು ಮಾತು ನೆನಪಿಡಬೇಕು: ಖಿನ್ನತೆಗೆ ಕೊಡುವ ಇನ್ನೆರಡು ಮಾತ್ರೆಗಳಾದ ಪರಾಕ್ಸಿಟಿನ್, ಫ್ಲುಯಾಕ್ಸಿಟಿನ್ ಟಮಾಕ್ಸಿಫೆನ್ನಿನ ಶಕ್ತಿಯನ್ನೇ ಕುಗ್ಗಿಸುತ್ತವೆ. ವೆನ್ಲಾಫ್ಯಾಕ್ಸಿನ್‌ಗೆ ಆ ತೊಂದರೆಯಿಲ್ಲ. ಮೇಲೆ ಹೇಳಿದ ನ್ಯೂರೋಕೈನಿನ್ ಸಂಕೇತವನ್ನೇ ತಡೆಯುವ ಫೆಜೊಲಿನೆಟಂಟ್ ಎಂಬ ಮಾತ್ರೆಗೆ ಅಮೆರಿಕ 2023ರಲ್ಲಿ ಒಪ್ಪಿಗೆ ಕೊಟ್ಟಿತು. ಮರುವರ್ಷವೇ ಯಕೃತ್ತಿನ ಹಾನಿಯ ಬಗ್ಗೆ ಗಂಭೀರ ಎಚ್ಚರಿಕೆಯನ್ನೂ ಸೇರಿಸಿತು. ವಿದೇಶದ ನೆಂಟರಿಂದ ತರಿಸಿಕೊಂಡು ರಕ್ತಪರೀಕ್ಷೆ ಇಲ್ಲದೆ ನುಂಗುವ ವಸ್ತುವಲ್ಲ.

ಕರ್ನಾಟಕದ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಜಾಗ ಬೇಡುವ ವಿಷಯ ಗರ್ಭಕೋಶ ತೆಗೆಸಿಕೊಂಡವರದು. ಬಿಳಿಸೆರಗು, ಹೊಟ್ಟೆನೋವು ಎಂದು ಹೋದವರಿಗೆ ‘ಇಟ್ಟುಕೊಂಡರೆ ಕ್ಯಾನ್ಸರ್ ಆಗುತ್ತೆ’ ಎಂದು ಹೆದರಿಸಿ ಶಸ್ತ್ರಚಿಕಿತ್ಸೆ ಮಾಡಿದ್ದರ ವಿರುದ್ಧ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳು ಬೀದಿಗಿಳಿದದ್ದನ್ನು ಓದುಗರು ಮರೆತಿರಲಾರರು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ತಂದಿತು, ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಅದು ಮುಂದೆ ಆಗುವುದನ್ನು ತಡೆಯುವ ಮಾತು. ಈಗಾಗಲೇ ಆಗಿಹೋದವರು ಮೂವತ್ತು, ನಲವತ್ತರ ವಯಸ್ಸಿನಲ್ಲೇ ಬಿಸಿ, ಬೆವರು, ಮೈಕೈ ನೋವು ಹೊತ್ತು ಕಬ್ಬಿನ ಗದ್ದೆಯಲ್ಲಿ, ತೊಗರಿ ಹೊಲದಲ್ಲಿ ದುಡಿಯುತ್ತಿದ್ದಾರೆ. ಅವರ ಬಗ್ಗೆ ಯಾವ ಆದೇಶವೂ ಮಾತಾಡುವುದಿಲ್ಲ.

ಸಹಜವಾಗಿ ಮುಟ್ಟು ನಿಲ್ಲುವಾಗ ಈಸ್ಟ್ರೋಜನ್ ವರ್ಷಗಳ ಮೇಲೆ ಇಳಿಯುತ್ತದೆ. ಎರಡೂ ಅಂಡಾಶಯ ತೆಗೆದರೆ ಕೆಲವೇ ದಿನಗಳಲ್ಲಿ ಕುಸಿಯುತ್ತದೆ, ಹೊಲಿಗೆ ಬಿಚ್ಚುವ ಮೊದಲೇ ಬಿಸಿ ಶುರುವಾಗಬಹುದು. ಹಾಗಾಗಿ ಏನೇನು ತೆಗೆದಿದ್ದಾರೆ ಎಂಬುದು ಗೊತ್ತಿರಲೇಬೇಕು. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಟಿ.ಎ.ಎಚ್.’ ಎಂದಷ್ಟೇ ಇದ್ದರೆ ಗರ್ಭಕೋಶ ಮಾತ್ರ. ಪಕ್ಕದಲ್ಲಿ ‘ಬಿ.ಎಸ್.ಒ.’ ಎಂದಿದ್ದರೆ ಎರಡೂ ಅಂಡಾಶಯ, ನಾಳಗಳೂ ಹೋಗಿವೆ. ‘ಯು.ಎಸ್.ಒ.’ ಎಂದರೆ ಒಂದು ಉಳಿದಿದೆ. ಕಾರ್ಡು ಕಳೆದಿದ್ದರೆ ಆಸ್ಪತ್ರೆಯಲ್ಲಿ ದಾಖಲೆಯ ಪ್ರತಿ ಕೇಳಿ. ಅದು ನಿಮ್ಮ ಹಕ್ಕು. ಅದೂ ಸಿಗದಿದ್ದರೆ ಒಂದು ಸ್ಕ್ಯಾನ್, ಒಂದು ಎಫ್‌ಎಸ್‌ಎಚ್. ಅಂಡಾಶಯ ಉಳಿಸಿದ್ದರೂ ಗರ್ಭಕೋಶ ಇಲ್ಲದವರಲ್ಲಿ ಅವು ತುಸು ಬೇಗ ಸೋಲುತ್ತವೆ, ಮುಟ್ಟೇ ಇಲ್ಲದ್ದರಿಂದ ಯಾವಾಗ ಸೋತವು ಎಂದೂ ತಿಳಿಯುವುದಿಲ್ಲ.

ಎರಡೂ ಅಂಡಾಶಯ 45ರೊಳಗೆ ಹೋದವರಿಗೆ ಹಾರ್ಮೋನು ಬರೀ ಬಿಸಿಗಾಗಿ ಅಲ್ಲ. ಮೂಳೆ ಸವೆತ, ಹೃದ್ರೋಗ ಬೇಗ ಬರುವುದನ್ನು ತಡೆಯಲು, ಬೇರೆ ಅಡ್ಡಿ ಇಲ್ಲದಿದ್ದರೆ, ಸುಮಾರು 50ರವರೆಗೆ ಈಸ್ಟ್ರೋಜನ್ ಕೊಡಬೇಕು ಎಂಬುದು ಎಲ್ಲ ಪ್ರಮುಖ ಮಾರ್ಗಸೂಚಿಗಳ ಮಾತು. ಸಹಜವಾಗಿ ಇರಬೇಕಾದ ಹಾರ್ಮೋನನ್ನು ತುಂಬಿಕೊಡುವುದು ಇದು. 63ರ ಅಜ್ಜಿಯರ ಪ್ರಯೋಗದ ಅಂಕಿಗಳನ್ನು 36ರವರ ಮುಂದೆ ಹಿಡಿಯುವುದು ಅನ್ಯಾಯ. ಗರ್ಭಕೋಶ ಇಲ್ಲದವರಿಗೆ ಸಾಮಾನ್ಯವಾಗಿ ಪ್ರೊಜೆಸ್ಟರಾನ್ ಬೇಕಿಲ್ಲ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದೇ ಪದರ ಅದರ ಹೊರಗೆ ಬೆಳೆಯುವ ಕಾಯಿಲೆ) ಇದ್ದವರು ಮಾತ್ರ ವೈದ್ಯರಲ್ಲಿ ಕೇಳಬೇಕು. ಜೊತೆಗೆ ದಿನಕ್ಕೆ 1,000ದಿಂದ 1,200 ಮಿ.ಗ್ರಾಂ ಕ್ಯಾಲ್ಸಿಯಂ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350, ದೊಡ್ಡ ಲೋಟ ಹಾಲಿನಲ್ಲಿ 300 ಸಿಗುತ್ತದೆ. ಮುದ್ದೆ, ಮಜ್ಜಿಗೆ ಉಣ್ಣುವ ಮನೆಯಲ್ಲಿ ಅರ್ಧ ದಾರಿ ಅಲ್ಲೇ ಮುಗಿಯಿತು. ಜೋಳದ ರೊಟ್ಟಿಯ ಸೀಮೆಯಲ್ಲಿ ಹಾಲು, ಮೊಸರು, ಎಳ್ಳಿನ ಕಡೆ ಹೆಚ್ಚು ಗಮನ ಬೇಕು, ಜೋಳದಲ್ಲಿ ಕ್ಯಾಲ್ಸಿಯಂ ತೀರ ಕಡಿಮೆ.

ಕೆಲಸದ ಜಾಗದ ಮಾತೂ ಇದೆ. ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 12 ದಿನಗಳ ಋತುಚಕ್ರ ರಜೆಗೆ ಒಪ್ಪಿತು, ಸ್ವಾಗತ. ಆ ಚರ್ಚೆಯಲ್ಲಿ ಮುಟ್ಟು ನಿಲ್ಲುತ್ತಿರುವವರ ಹೆಸರೇ ಕೇಳಲಿಲ್ಲ. ಇವರಿಗೆ ಬೇಕಾದದ್ದು ರಜೆಗಿಂತ ಗಾಳಿ, ನೀರು, ಶೌಚಕ್ಕೆ ಹೋಗಲು ಬಿಡುವು. ಬೆಂಗಳೂರು, ರಾಮನಗರ, ಮಂಡ್ಯದ ಗಾರ್ಮೆಂಟ್ಸ್ ಘಟಕಗಳ ಇಸ್ತ್ರಿ ವಿಭಾಗದಲ್ಲಿ ಹಬೆಯ ಮುಂದೆ ನಿಲ್ಲುವವರನ್ನು ಕೆಲಕಾಲ ಹೊಲಿಗೆ ಅಥವಾ ತಪಾಸಣೆಯ ಸಾಲಿಗೆ ಬದಲಿಸಲು ಕಾಸು ಖರ್ಚಾಗುವುದಿಲ್ಲ. ಶೌಚಕ್ಕೆ ಬಿಡುವುದಿಲ್ಲವೆಂದು ನೀರೇ ಕುಡಿಯದವರಿಗೆ ಬೆವರಿನ ಜೊತೆ ಉರಿಮೂತ್ರವೂ ಸೇರುತ್ತದೆ. 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆ ಬೇಸಿಗೆಯಲ್ಲಿ ತಣ್ಣನೆಯ ಕುಡಿಯುವ ನೀರು ಒದಗಿಸಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು.

ಆರೋಗ್ಯ ಇಲಾಖೆಗೆ ನಮ್ಮ ಕೋರಿಕೆ ಎರಡೇ. ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗೆ ಹೋಗಿ ಬಿಪಿ, ಸಕ್ಕರೆ, ಕ್ಯಾನ್ಸರ್ ತಪಾಸಣೆಗೆಂದು ತುಂಬುವ ನಮೂನೆಯಲ್ಲಿ ‘ಮುಟ್ಟು ನಿಂತ ಮೇಲೆ ರಕ್ತಸ್ರಾವ ಆಗಿದೆಯೇ’ ಎಂಬ ಪ್ರಶ್ನೆ ಈಗಾಗಲೇ ಇದೆ. ಅದರ ಕೆಳಗೆ ಇನ್ನೆರಡು ಸೇರಿಸಿ: ಗರ್ಭಕೋಶ ಅಥವಾ ಅಂಡಾಶಯ ತೆಗೆಸಿದ್ದೀರಾ, ಯಾವ ವಯಸ್ಸಿನಲ್ಲಿ? ಬಿಸಿ, ಬೆವರಿನಿಂದ ನಿದ್ದೆ ಕೆಡುತ್ತಿದೆಯೇ? ಹೌದು ಎಂದವರನ್ನು ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಕಳಿಸಿದಾಗ ಅಲ್ಲಿನ ಔಷಧಿ ಕೊಠಡಿಯಲ್ಲಿ ಎಸ್ಟ್ರಡಯಾಲ್, ಮೈಕ್ರೊನೈಸ್ಡ್ ಪ್ರೊಜೆಸ್ಟರಾನ್ ಮತ್ತು ವೆನ್ಲಾಫ್ಯಾಕ್ಸಿನ್ ಮೂರೂ ಇರುವಂತೆ ಖರೀದಿ ಪಟ್ಟಿ ತಿದ್ದಿ. ಮೊದಲು 45ರೊಳಗೆ ಶಸ್ತ್ರಚಿಕಿತ್ಸೆ ಆದವರನ್ನು ಕರೆಯಿರಿ, ಶುರು ಕಲಬುರಗಿ ವಿಭಾಗದಿಂದ ಆಗಲಿ.

ಇಂತಿ,
ಸ್ತ್ರೀರೋಗ ವಿಭಾಗದ ಕೆಲವು ವೈದ್ಯೆಯರು ಮತ್ತು ಶುಶ್ರೂಷಕಿಯರು
ಧಾರವಾಡ